ಚಿರತೆಯ ದವಡೆಹಲ್ಲು

ತಾಯಿ ಚಿರತೆಯೊಂದರ ದವಡೆಹಲ್ಲಿನ ಸಂದಿಗೆ ಮೂಳೆಯ ಚೂರು ಸಿಕ್ಕಿಕೊಂಡು ಕೀವು ಕಟ್ಟಿತು. ಅದನ್ನು ಕಂಡ ಗೊರವಂಕ, "ಬಾಯಿ ತೆರೆಯಿರಿ, ಕಿತ್ತುಬಿಡುತ್ತೇನೆ" ಎಂದಿತು.

"ಒಂದು ಹಲ್ಲಿಗೆ ಇಷ್ಟು ರಾದ್ಧಾಂತವೇಕೆ? ನನ್ನ ಕಾಲು ಗಟ್ಟಿಯಾಗಿದೆ" ಎಂದು ಚಿರತೆ ಬೇಟೆಗೆ ಹೊರಟಿತು.

ಮಳೆಗಾಲ ಕಳೆಯುವುದರೊಳಗೆ ಅದಕ್ಕೆ ಜ್ವರ ಹತ್ತಿತು. ನೋವಿಗೆ ಅಗಿಯಲಾಗದೆ ಮೈ ಸೊರಗಿತು. ಮೈ ಸೊರಗಿದ ಮೇಲೆ ಬಾಯಿಯ ಹುಣ್ಣೂ ಮಾಯಲಿಲ್ಲ. ಸ್ವಲ್ಪ ನಡೆದರೂ ಎದೆ ಡವಗುಟ್ಟುತ್ತಿತ್ತು. ಕಡೆಗೆ ಗೊರವಂಕವನ್ನು ತಾನೇ ಕರೆದು ಬಾಯಿ ತೆರೆಯಿತು. ಹಕ್ಕಿ ಚೂರನ್ನು ಕಿತ್ತು ಹಾಕಿತು.

"ಇನ್ನು ಬೇಟೆಗೆ ಹೋಗಬಹುದೇ? ಮರಿ ಹಸಿದಿದೆ" ಎಂದು ಚಿರತೆ ಕೇಳಿತು.

"ಬಾಯಲ್ಲಿದ್ದದ್ದನ್ನು ತೆಗೆದೆ, ತಾಯಿ. ನಂಜು ಎದೆಗಿಳಿದಿದೆ. ಅಲ್ಲಿಗೆ ನನ್ನ ಕೊಕ್ಕು ಹೋಗದು."

ಬೇಟೆ ಕಲಿಯದ ಮರಿಯನ್ನು ಒತ್ತಿಕೊಂಡು ಮಲಗಿದ ಚಿರತೆ ಮತ್ತೆ ಏಳಲಿಲ್ಲ. ಮರಿ ಒಣಗಿದ ಮೊಲೆಯನ್ನು ಚೀಪುತ್ತಲೇ ಇತ್ತು.