ಗಂಟೆಗೆ ಸಿಗದ ಪ್ರಶ್ನೆ

ಗುಡೇಕಲ್ಲಿನ ದರ್ಬಾರಿನಲ್ಲಿ ಇದು ನಡೆದಾಗ ದೊರೆಯ ಪಕ್ಕದಲ್ಲಿ ಬೀಸಣಿಗೆ ಬೀಸುತ್ತ ನಿಂತಿದ್ದವನು ನಾನೇ. ಸುಳ್ಳು. ಆಗಿನ್ನೂ ನಮ್ಮ ಮುತ್ತಜ್ಜನೂ ಹುಟ್ಟಿರಲಿಲ್ಲ. ಆದರೆ ಮಿಕ್ಕಿದ್ದೆಲ್ಲ ನಿಜ. ನಿಜ ಅಲ್ಲದಿದ್ದರೂ ನಿಜಕ್ಕೆ ಹತ್ತಿರದ ನೆಂಟ.

ದೊರೆ ಕೆಂಚಪ್ಪ ನಾಯಕರಿಗೆ ಪ್ರಶ್ನೆಗಳೆಂದರೆ ತಲೆನೋವು. ಬೆಳಗೆದ್ದರೆ ರೈತರು ಕೆರೆಯ ತೂಬು ಯಾವಾಗ ತೆಗೆಸುತ್ತೀರಿ ಅನ್ನುವರು. ದಳವಾಯಿ ಕುದುರೆಗೆ ಹುರುಳಿ ಎಲ್ಲಿ ಅನ್ನುವನು. ರಾಣಿಯವರು ನಿನ್ನೆ ಸಂಜೆ ಎಲ್ಲಿದ್ದಿರಿ ಅನ್ನುವರು. ಇದೇ ಹೆಚ್ಚು ಚುಚ್ಚಿತೆಂದು ಕಾಣುತ್ತದೆ. ದೊರೆ ಡಂಗುರ ಹೊಡೆಸಿಬಿಟ್ಟರು: ಇನ್ನು ಅರಮನೆಯೊಳಗೆ ಯಾರೂ, ಯಾವ ಭಾಷೆಯಲ್ಲೂ ಪ್ರಶ್ನೆ ಕೇಳಕೂಡದು, ಕೇಳಿದವರಿಗೆ ಗಡಿಪಾರು.

ಪ್ರಶ್ನೆ ಹಿಡಿಯಲು ಅಷ್ಟಭಾಷಾ ಪಂಡಿತ ಗಿರಿಯಾಚಾರ್ಯರನ್ನು ನೇಮಿಸಿದರು. ಅವರ ಕೈಯಲ್ಲೊಂದು ಗಂಟೆ. ಹಿಡಿದ ಪ್ರಶ್ನೆಗೊಂದು ಶಾಲು.

"ಪ್ರಶ್ನೆ ಅನ್ನೋದು ಗುರುತಿಲ್ಲದೆ ಓಡಾಡೋ ಪ್ರಾಣಿಯಲ್ಲ," ಎಂದು ಆಚಾರ್ಯರು ಸಭೆಯಲ್ಲಿ ಕೊಚ್ಚಿಕೊಂಡರು. "ಕನ್ನಡ, ತೆಲುಗು, ತಮಿಳಿನಲ್ಲಿ ಅದಕ್ಕೆ ಬಾಲ. ಬಂದ ಅಂದರೆ ಸುದ್ದಿ, ಬಂದನಾ ಅಂದರೆ ಪ್ರಶ್ನೆ. ಹಿಂದೂಸ್ತಾನಿಯಲ್ಲಿ ಕೊಂಬು, ಮೊದಲೇ 'ಕ್ಯಾ' ಅಂತ ಹಾಯುತ್ತದೆ. ಚೀನದ ರೇಷ್ಮೆ ವ್ಯಾಪಾರಿ ಮಾತಿನ ಕೊನೆಗೆ 'ಮಾ' ಅಂತ ಉದುರಿಸುತ್ತಾನೆ. ಇಂಗ್ಲಿಷರಂತೂ ಮಾತುಗಳನ್ನೇ ಎಬ್ಬಿಸಿ ಜಾಗ ಬದಲಿಸುತ್ತಾರೆ. ಬಾಲ, ಕೊಂಬು ಏನೂ ಇಲ್ಲದ್ದು ದನಿ ಎತ್ತಿ ಸಿಕ್ಕಿಬೀಳುತ್ತದೆ. ನನ್ನ ಕಿವಿಯಿಂದ ತಪ್ಪಿಸಿಕೊಳ್ಳುವ ಪ್ರಶ್ನೆ ಇನ್ನೂ ಹುಟ್ಟಿಲ್ಲ."

ಜನ ಬೇಗ ಪಳಗಿದರು. ಬಾಯಾರಿದವರು, ಇಲ್ಲೆಲ್ಲೋ ನೀರಿನ ಚೊಂಬು ಇರಬಹುದೆಂದು ನನಗೊಂದು ಗುಮಾನಿ, ಎಂದು ಗಾಳಿಗೆ ಹೇಳಿ ಕಾಯುತ್ತಿದ್ದರು.

ಪಳಗದವಳು ಅಡುಗೆಯ ಹೊನ್ನವ್ವ ಒಬ್ಬಳೇ. ದೊರೆಯ ಹಾಲುಹಲ್ಲು ಬಿದ್ದದ್ದೇ ಅವಳ ಚಕ್ಕುಲಿ ಕಚ್ಚಿ. ದೊರೆ ಎಲೆಯ ಮುಂದೆ ಕೂತೊಡನೆ ಎಂದಿನಂತೆ, "ಬಡಿಸಲಾ ಮಗಾ?" ಅಂದಳು. ಕಂಬದ ಹಿಂದೆ ಗಂಟೆ ಢಣ್ ಎಂದಿತು.

ದೊರೆಗೆ ತುತ್ತು ಇಳಿಯಲಿಲ್ಲ. ಆದರೆ ಡಂಗುರ ಹೊಡೆಸಿದ ಮಾತನ್ನು ನುಂಗುವುದು ಹೇಗೆ? ಮರುದಿನ ದರ್ಬಾರು ಮುಗಿಯುತ್ತಲೇ ಹೊನ್ನವ್ವ ಗಡಿ ದಾಟಬೇಕೆಂದಾಯಿತು.

ಆಸ್ಥಾನದ ವಿನೋದಗಾರ ಬುಳ್ಳಪ್ಪ ತಾಯಿಯಿಲ್ಲದೆ ಹೊನ್ನವ್ವನ ಕೈತುತ್ತಿನಲ್ಲಿ ಬೆಳೆದವನು. ಅವಳು ಗಂಟು ಕಟ್ಟಿಕೊಂಡು ಹೆಬ್ಬಾಗಿಲಲ್ಲಿ ಕೂತದ್ದನ್ನು ನೋಡಿದವನೇ ನೇರ ದರ್ಬಾರಿಗೆ ನಡೆದ.

"ಮಹಾಪ್ರಭು, ಇವತ್ತು ತಾವು ಈ ಹೊಸ್ತಿಲು ದಾಟುವುದರೊಳಗೆ ಇಲ್ಲೊಂದು ಪ್ರಶ್ನೆ ಹುಟ್ಟುತ್ತದೆ. ಆಚಾರ್ಯರ ಗಂಟೆ ಮಾತ್ರ ಸುಮ್ಮನಿರುತ್ತದೆ. ಹಾಗೇನಾದರೂ ಆದರೆ ಹೊನ್ನವ್ವ ಇಲ್ಲೇ ಇರಲಿ. ಗಂಟೆ ಹೊಡೆದರೆ ಅವಳ ಗಂಟು ಹೊತ್ತು ನಾನೂ ಹೊರಟೆ."

ದೊರೆ ಒಪ್ಪಿದರು. ಆಚಾರ್ಯರು ಒಂದು ಕಿವಿಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿಕೊಂಡರು.

ಬುಳ್ಳಪ್ಪ ತನ್ನ ಎಮ್ಮೆಯ ಕತೆ ಶುರುಮಾಡಿದ. ಎಮ್ಮೆ ಕೆರೆಗೆ ಇಳಿಯಿತು, ಮುಳುಗಿತು, ಎದ್ದಾಗ ಅದರ ಬೆನ್ನ ಮೇಲೆ ಯಾರೋ ಕೂತಿದ್ದರು, ಎಂದು ಹೇಳಿ ಬಾಯಿ ಮುಚ್ಚಿಕೊಂಡ. ಸಭೆಗೆ ಸಭೆಯೇ ತುಟಿ ಕಚ್ಚಿತು. ದೊರೆ ಸಾಮಾನ್ಯರಲ್ಲ. "ಮುಂದೆ ಹೇಳು," ಎಂದು ಅಪ್ಪಣೆ ಮಾಡಿದರು. ಕೂತದ್ದು ಬೆಳ್ಳಕ್ಕಿ ಎಂದು ಬುಳ್ಳಪ್ಪ ಸಪ್ಪಗೆ ಮುಗಿಸಿದ. ಆಚಾರ್ಯರು ಮುಸಿಮುಸಿ ನಕ್ಕರು. ಅಷ್ಟರಲ್ಲಿ ಮಧ್ಯಾಹ್ನದ ನಗಾರಿ ಹೊಡೆಯಿತು. ದರ್ಬಾರು ಬರಖಾಸ್ತು.

ಬುಳ್ಳಪ್ಪ ತಲೆ ತಗ್ಗಿಸಿ ಹೊಸ್ತಿಲ ಬಳಿ ನಿಂತಿದ್ದ. ಮೆಟ್ಟಿಲಿಳಿದು ಬಂದ ದೊರೆಗೆ ಅಯ್ಯೋ ಅನಿಸಿತು. ದಿನವೂ ಮಾಡುವ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟರು.

"ಊಟ ಆಯ್ತೇನೋ ಬುಳ್ಳಪ್ಪ?"

"ನಂದೂ ಇನ್ನೂ ಆಗಬೇಕು," ಎನ್ನುತ್ತ ಆಚಾರ್ಯರು ಗಂಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಬುಳ್ಳಪ್ಪ ಹೊಸ್ತಿಲಿಗೆ ಅಡ್ಡ ಬಿದ್ದ. "ಪ್ರಶ್ನೆ ಹುಟ್ಟಿತು ಪ್ರಭು. ಆಚಾರ್ಯರು ಉತ್ತರವನ್ನೂ ಕೊಟ್ಟರು. ಗಂಟೆ ಸೊಂಟದಲ್ಲಿ ನಿದ್ದೆ ಮಾಡುತ್ತಿದೆ."

ಆಚಾರ್ಯರ ಮುಖ ಹುಳ್ಳಗಾಯಿತು. ಇದೆಂಥ ಪ್ರಶ್ನೆ, ಕನ್ನಡದವರು ಎದುರಾದರೆ ಹೀಗನ್ನುವುದು ವಾಡಿಕೆ, ನಮಸ್ಕಾರ ಇದ್ದ ಹಾಗೆ, ಉತ್ತರ ಬೇಕೆಂದು ಯಾರೂ ಕೇಳುವುದಿಲ್ಲ, ಎಂದು ತಡವರಿಸಿದರು.

"ಹಾಗಾದರೆ ಹೊನ್ನವ್ವನದೂ ಪ್ರಶ್ನೆಯಲ್ಲ," ಅಂದ ಬುಳ್ಳಪ್ಪ. "ಬಡಿಸಲಾ ಅಂದಾಗ ಬೇಡ ಅಂದವರಿಗೆ ಅವಳು ಬಡಿಸದೆ ಬಿಟ್ಟದ್ದನ್ನು ಈ ಅರಮನೆಯಲ್ಲಿ ಯಾರೂ ಕಂಡಿಲ್ಲ. ಪ್ರಭುಗಳು ಕೇಳಿದ್ದು ಪ್ರಶ್ನೆಯಾದರೆ ಪಂದ್ಯ ನನ್ನದು. ಅಲ್ಲವಾದರೆ ಅವಳ ತಪ್ಪೇ ಇಲ್ಲ. ಆಚಾರ್ಯರು ಯಾವುದು ಬೇಕೋ ಆರಿಸಿಕೊಳ್ಳಲಿ."

ಆಚಾರ್ಯರು ಸೊಂಟದ ಗಂಟೆಯನ್ನು ಶಾಲಿನಲ್ಲಿ ಮುಚ್ಚಿಕೊಂಡರು. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದಿರಲಿ, ನಾನು ಕೇಳಿದ್ದಕ್ಕೆ ನೀನಿನ್ನೂ ಉತ್ತರ ಕೊಡಲಿಲ್ಲ," ಅಂದರು.

"ಬಡಿಸುವವಳು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಾಳೆ ಪ್ರಭು. ನನ್ನ ಊಟ ಆಗಿಲ್ಲ. ತಮ್ಮದೂ ಆಗುವುದಿಲ್ಲ."

ದೊರೆ ತಾವೇ ಹೆಬ್ಬಾಗಿಲಿಗೆ ನಡೆದರು, ಹೊನ್ನವ್ವನ ಗಂಟನ್ನು ತಾವೇ ಎತ್ತಿಕೊಂಡು ಅಡುಗೆಮನೆಗೆ ತಂದರು. ಡಂಗುರ ರದ್ದಾಯಿತು. ಬುಳ್ಳಪ್ಪನಿಗೆ ದೊರೆ ತಮ್ಮ ಪಕ್ಕದಲ್ಲೇ ಎಲೆ ಹಾಕಿಸಿದರು. ಸಂಜೆ ಎಲ್ಲಿದ್ದಿರಿ ಎಂಬ ಹಳೆಯ ಪ್ರಶ್ನೆಯನ್ನು ರಾಣಿಯವರು ಅವತ್ತೇ ಮತ್ತೆ ಕೇಳಿದರಂತೆ.

ಕತೆ ಇಷ್ಟೇ. ಈಗ ನನ್ನ ಚಹಾದ ಕಾಸು ಕೊಡುತ್ತೀರಾ ಎಂದು ನಾನು ಕೇಳುತ್ತಿಲ್ಲ. ಲೋಟ ಖಾಲಿಯಾಗಿದೆ, ನನ್ನ ಜೇಬೂ ಖಾಲಿ, ಅಂಗಡಿಯವನು ನಿಮ್ಮನ್ನೇ ನೋಡುತ್ತಿದ್ದಾನೆ ಎಂದು ಸುದ್ದಿ ಹೇಳುತ್ತಿದ್ದೇನೆ, ಅಷ್ಟೆ.