ಬಸವಣ್ಣೆಪ್ಪನ ಹಳೇ ಕಾರು

ಮಠದ ಗುರುಗಳನ್ನು ಶಿಷ್ಯ ಕೇಳಿದ: "ಅಜ್ಜನವರೇ, ಇಳಕಲ್ಲಿನಲ್ಲಿ ನನ್ನ ಅಕ್ಕ ಇದ್ದಾಳೆ. ಮಗ್ಗದ ಮುಂದೆ ಕೂತು ಸೀರೆ ನೇಯ್ದು ನನ್ನನ್ನು ಓದಿಸಿದವಳು. ಅವಳನ್ನು ನೋಡಬೇಕೆಂದು ಮನಸ್ಸು ಬಹಳ ಎಳೆಯುತ್ತದೆ. ಆದರೆ ನನ್ನ ಅಧ್ಯಯನ ಇನ್ನೂ ಅರ್ಧದಲ್ಲಿದೆ. ಎಲ್ಲ ಮುಗಿಸಿ, ಅವಳಿಗೆ ಹೆಮ್ಮೆ ಅನ್ನಿಸುವಂತಾಗಿ ಹೋಗುವುದು ಸರಿಯೋ, ಈಗಲೇ ಹೋಗುವುದು ಸರಿಯೋ?"

ಗುರುಗಳು ಒಂದು ಕತೆ ಹೇಳತೊಡಗಿದರು.

ಗದಗಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಹೆಸರು ಬಸವಣ್ಣೆಪ್ಪ. ಹೆಂಡತಿಯ ಹೆಸರು ನೀಲಗಂಗಾ. ಮದುವೆಯಾದ ಹೊಸದರಲ್ಲಿ ಅವನೊಂದು ಕಾರು ಕೊಂಡ. ಆಗಲೇ ಅದು ಹಳೆಯದು, ಹಲವರ ಕೈ ದಾಟಿ ಬಂದದ್ದು. ಭಾನುವಾರ ಅಂಗಡಿ ಮುಚ್ಚಿದರೆ ಗಂಡಹೆಂಡಿರು ಬುತ್ತಿ ಕಟ್ಟಿಕೊಂಡು ಮುಂಡರಗಿಯ ಆಚೆ ತುಂಗಭದ್ರೆಯ ದಂಡೆಗೆ ಹೋಗುತ್ತಿದ್ದರು. ದಾರಿಯಲ್ಲಿ ಕಾರು ಕೆಟ್ಟು ನಿಲ್ಲುತ್ತಿತ್ತು. ಆಗ ನೀಲಗಂಗಾ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನಿಂದ ನೂಕುತ್ತಿದ್ದಳು. ಅದು ಹೊರಟ ಮೇಲೆ ನಗುತ್ತಾ ಓಡಿಬಂದು ಹತ್ತುತ್ತಿದ್ದಳು. ನದಿ ಬರುವವರೆಗೂ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿಗೆ ಒಡ್ಡಿ ಕೂತಿರುತ್ತಿದ್ದಳು.

ಮಕ್ಕಳಾದರು. ಅಂಗಡಿ ದೊಡ್ಡದಾಯಿತು. ಹೊಸ ಕಾರು ಬಂತು. ಹಳೆಯದು ಹಿತ್ತಲಿನ ಶೆಡ್ಡು ಸೇರಿತು. ಅದರ ಮೇಲೆ ಗೋಣಿಚೀಲ ಬಿದ್ದವು, ಪಾತ್ರೆ ಸುತ್ತಿ ತಂದ ಹುಲ್ಲು ಬಿತ್ತು. ನದಿಗೆ ಹೋಗುವುದು ತಪ್ಪಿತು.

ಒಂದು ದಿನ ಹಳೆಯ ಹಿತ್ತಾಳೆ ದೀಪಗಳನ್ನು ಹುಡುಕಿಕೊಂಡು ಬೆಂಗಳೂರಿನಿಂದ ಒಬ್ಬ ಬಂದ. ಶೆಡ್ಡಿನಲ್ಲಿ ಕಾರು ನೋಡಿ ದೀಪ ಮರೆತ. ಇಂಥ ಕಾರು ಈ ಸೀಮೆಯಲ್ಲಿ ಇನ್ನೊಂದು ಉಳಿದಿರಲಾರದು ಎಂದ. ಮೊದಲಿನಂತೆ ಮಾಡಿದರೆ ಕೇಳಿದ ಬೆಲೆ ಸಿಗುತ್ತದೆ, ಇಟ್ಟಷ್ಟೂ ಏರುತ್ತದೆ ಎಂದ.

ಬಸವಣ್ಣೆಪ್ಪ ಅವತ್ತೇ ಗೋಣಿಚೀಲ ಎಳೆದುಹಾಕಿದ.

ಕಾರು ಮಾಡಿದ ಕಂಪನಿ ಎಂದೋ ಮುಚ್ಚಿಹೋಗಿತ್ತು. ಬಿಡಿಭಾಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಅವನು ಹುಬ್ಬಳ್ಳಿಯ ಗುಜರಿಗಳನ್ನು ಸುತ್ತಿದ, ಪುಣೆಗೆ ಹೋದ. ಹಿಂದಿನ ಬಂಪರ್ ಒಬ್ಬ ರೈತನ ಕೊಟ್ಟಿಗೆಯಲ್ಲಿ ಸಿಕ್ಕಿತು. ರೈತ ಅದಕ್ಕೆ ಎಮ್ಮೆ ಕಟ್ಟುತ್ತಿದ್ದ. ಎಲ್ಲಕ್ಕಿಂತ ತಡವಾಗಿ ಸಿಕ್ಕಿದ್ದು ಮುಂದಿನ ಗಾಜು. ಕೊಯಮತ್ತೂರಿನಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ ಅದನ್ನು ಹಾಸಿಗೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ. ಬಸವಣ್ಣೆಪ್ಪ ಅದನ್ನು ರೈಲಿನಲ್ಲಿ ಕೂಸಿನ ಹಾಗೆ ಹಿಡಿದುಕೊಂಡು ಬಂದ.

ಇದರಿಂದ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳು ನೀಲಗಂಗಾ. ನದಿಗೆ ಹೋಗಲಿಕ್ಕೇ ಕಾರು ಸಿದ್ಧವಾಗುತ್ತಿದೆ ಎಂದು ಅವಳು ತಿಳಿದಿದ್ದಳು. ತಂದ ಒಂದೊಂದು ಲೋಹದ ಭಾಗವನ್ನೂ ಹುಣಸೆಹಣ್ಣು ಹಚ್ಚಿ ತಾನೇ ತಿಕ್ಕಿ ತೊಳೆದಳು. ಇನ್ನೇನು ಬಾಕಿ, ಇನ್ನೇನು ಬಾಕಿ ಎಂದು ಕೇಳುತ್ತಿದ್ದಳು.

ಕಾರು ಸಿದ್ಧವಾಯಿತು. ಮುಂದಿನ ಭಾನುವಾರ ಅವಳು ಬೆಳಗ್ಗೆಯೇ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಒಳ್ಳೆಯ ಸೀರೆ ಉಟ್ಟು ಕಾರಿನ ಪಕ್ಕದಲ್ಲಿ ಬಂದು ನಿಂತಳು.

ಬಸವಣ್ಣೆಪ್ಪ ಹೇಳಿದ: "ನೀಲಾ, ರಸ್ತೆ ಅಗಲ ಮಾಡುತ್ತಿದ್ದಾರೆ. ಎಲ್ಲಿ ನೋಡಿದರೂ ಜಲ್ಲಿ. ಈ ಗಾಜಿಗೆ ಒಂದು ಕಲ್ಲು ಬಡಿದರೆ ಇನ್ನೊಂದು ಎಲ್ಲಿಂದ ತರಲಿ? ಬೆಲೆ ಅರ್ಧಕ್ಕೆ ಇಳಿದುಹೋಗುತ್ತದೆ. ರಸ್ತೆ ಮುಗಿಯಲಿ, ಹೋಗೋಣ. ಇವತ್ತು ಬೇಕಾದರೆ ಹೊಸ ಕಾರಿನಲ್ಲಿ ಹೋಗಿ ಬಾ."

"ಹೊಸ ಕಾರಿನಲ್ಲಿ ಹೋಗುವುದಾಗಿದ್ದರೆ ಎಂದೋ ಹೋಗುತ್ತಿದ್ದೆ ರೀ," ಎಂದು ಅವಳು ಒಳಗೆ ಹೋದಳು. ಆ ಬುತ್ತಿಯನ್ನು ಇಬ್ಬರೂ ಅಡುಗೆಮನೆಯಲ್ಲೇ ಕೂತು ಉಂಡರು.

ರಸ್ತೆ ಮುಗಿಯಿತು. ಅಷ್ಟರಲ್ಲಿ ಕಾರಿನ ಬೆಲೆ ಇನ್ನೂ ಏರಿತ್ತು. ಬಸವಣ್ಣೆಪ್ಪ ದುರಾಸೆಯವನಲ್ಲ; ಮಾರುವ ಮನಸ್ಸೂ ಅವನಿಗಿರಲಿಲ್ಲ. ತನ್ನದೊಂದು ವಸ್ತು ನಿಂತಲ್ಲೇ ದೊಡ್ಡದಾಗುತ್ತಿದೆ ಎಂಬುದೇ ಅವನಿಗೆ ಸುಖವಾಗಿತ್ತು. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಎಂಜಿನ್ ಚಾಲೂ ಮಾಡಿ, ಸದ್ದು ಕೇಳಿ, ಆರಿಸುತ್ತಿದ್ದ. ಆ ಹೊತ್ತಿಗೆ ನೀಲಗಂಗಾ ಬಂದು ಮುಂದಿನ ಸೀಟಿನಲ್ಲಿ ಕೂತುಕೊಳ್ಳುತ್ತಿದ್ದಳು. ಕಿಟಕಿ ಇಳಿಸಿ ಕೈ ಹೊರಗೆ ಚಾಚುತ್ತಿದ್ದಳು. ಎದುರಿಗೆ ಶೆಡ್ಡಿನ ಗೋಡೆ ಇತ್ತು. ಎಂಜಿನ್ ಆರಿದ ಮೇಲೆ ಇಳಿದು ಹೋಗುತ್ತಿದ್ದಳು. ನದಿಯ ಮಾತು ಅವಳು ಮತ್ತೆ ಎತ್ತಲಿಲ್ಲ.

ಹೀಗೆ ವರ್ಷಗಳು ಹೋದವು. ಒಂದು ಬೆಳಗ್ಗೆ ಹಾಗೆ ಕೂತಿದ್ದಾಗ, ಶೆಡ್ಡಿನಲ್ಲಿ ಯಾಕಿಷ್ಟು ಕತ್ತಲೆ ಎಂದು ಕೇಳಿದಳು. ಬಾಗಿಲು ತೆರೆದಿತ್ತು. ಬಿಸಿಲು ಅವಳ ಮಡಿಲಲ್ಲೇ ಬಿದ್ದಿತ್ತು.

ಹುಬ್ಬಳ್ಳಿಯ ವೈದ್ಯರು ಕಣ್ಣಿನ ನರ ಒಣಗಿದೆ ಎಂದರು. ಹೋದ ದೃಷ್ಟಿ ಮರಳಿ ಬರುವುದಿಲ್ಲ, ಉಳಿದದ್ದೂ ನಿಲ್ಲುವುದು ಕಷ್ಟ ಎಂದರು. ಔಷಧ ಹಾಕಿದರು. ಮಳೆಗಾಲ ಕಳೆದು ಚಳಿಗಾಲ ಮುಗಿಯುವ ಹೊತ್ತಿಗೆ ಉಳಿದದ್ದೂ ಹೋಯಿತು.

ಆಗ ಬಸವಣ್ಣೆಪ್ಪ ಕಾರನ್ನು ಹೊರಗೆ ತೆಗೆದ. ಹೆಂಡತಿಯ ಕೈ ಹಿಡಿದು ತಂದು ಕೂರಿಸಿದ. ಮುಂಡರಗಿ ಇನ್ನೂ ದೂರ ಇರುವಾಗ ಎದುರಿನ ಲಾರಿಯಿಂದ ಒಂದು ಕಲ್ಲು ಸಿಡಿದು ಬಂದು ಗಾಜಿಗೆ ಬಡಿಯಿತು. ಬಿರುಕು ಈ ತುದಿಯಿಂದ ಆ ತುದಿಗೆ ಓಡಿತು. ಏನದು ಸದ್ದು ಎಂದು ಅವಳು ಕೇಳಿದಳು. ಏನೂ ಇಲ್ಲ ಎಂದು ಅವನು ಕಾರು ನಿಲ್ಲಿಸದೆ ನಡೆಸಿದ. ಅವಳ ಕೈ ಕಿಟಕಿಯ ಹೊರಗಿತ್ತು.

ದಂಡೆಯ ಮೇಲೆ ಇಬ್ಬರೂ ಕೂತರು. ಅದು ಬೇಸಿಗೆ.

"ಹೊಳೆ ತುಂಬಿ ಹರಿಯುತ್ತಿದೆ, ನೀಲಾ," ಎಂದ ಬಸವಣ್ಣೆಪ್ಪ.

ಅವಳು ಸ್ವಲ್ಪ ಹೊತ್ತು ಕಿವಿಗೊಟ್ಟಳು. "ನೀರಿನ ಸದ್ದೇ ಇಲ್ಲವಲ್ಲ ರೀ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಸಾಕು."

ಅವನು ಹೊಳೆಯ ಕಡೆ ನೋಡಿದ. ಆಮೇಲೆ ಹೇಳಿದ. ಬಂಡೆಗಳು ಬಯಲಾಗಿವೆ. ನಡುವೆ ಸಣ್ಣಗೆ ನೀರಿದೆ. ಅದರಲ್ಲಿ ಒಂದು ಎಮ್ಮೆ ಮಲಗಿದೆ, ತಲೆ ಮಾತ್ರ ಕಾಣುತ್ತದೆ. ಯಾರೋ ತುಂಡುಬಟ್ಟೆಯ ಕೌದಿ ಒಗೆದು ಬಂಡೆಗೆ ಹಾಕಿದ್ದಾರೆ, ಗಾಳಿಗೆ ಅದರ ಒಂದು ಮೂಲೆ ಏಳುತ್ತಿದೆ. ಕೌದಿಯ ಬಣ್ಣ ಯಾವುದು ಎಂದು ಅವಳು ಕೇಳಿದಳು. ಅವನು ಒಂದೊಂದು ತುಂಡಿನ ಬಣ್ಣವನ್ನೂ ಹೇಳಿದ. ಇಷ್ಟು ಮಾತು ಅವನು ಅವಳೊಂದಿಗೆ ಆಡಿ ಬಹಳ ಕಾಲವಾಗಿತ್ತು. ಹೊತ್ತು ಮುಳುಗಿತೇ ಎಂದು ಅವಳು ಕೇಳಿದಾಗ ಇನ್ನೂ ಇಲ್ಲ ಎಂದ. ಹೊತ್ತು ಮುಳುಗಿತ್ತು. ಕೂತ ಕಲ್ಲು ತಣ್ಣಗಾದದ್ದು ಅವಳಿಗೂ ತಿಳಿದಿತ್ತು. ಅವಳು ಏಳಲಿಲ್ಲ.

ಬೆಂಗಳೂರಿನವನು ಇನ್ನೊಮ್ಮೆ ಬಂದ. ಬಿರುಕಿನ ಮೇಲೆ ಬೆರಳಾಡಿಸಿ, ಅಯ್ಯೋ ಎಂದು ನಿಟ್ಟುಸಿರಿಟ್ಟ. ಬಸವಣ್ಣೆಪ್ಪ ಅವನಿಗೆ ಚಹಾ ಕುಡಿಸಿ ಕಳಿಸಿದ.

ಆಮೇಲೆ ಯಾವ ಭಾನುವಾರವೂ ತಪ್ಪಲಿಲ್ಲ. ಅವನು ಹೊಳೆಯನ್ನು ಹೇಳುತ್ತಿದ್ದ, ಅವಳು ಕೇಳುತ್ತಿದ್ದಳು. ಆದರೆ ಹೇಳುತ್ತಾ ಹೇಳುತ್ತಾ ಒಮ್ಮೊಮ್ಮೆ ಅವನ ಕಣ್ಣು ಅವಳ ಮುಖದ ಕಡೆ ಹೋಗುತ್ತಿತ್ತು. ಅವಳು ನೀರಿನ ಕಡೆಗೇ ಕಣ್ಣರಳಿಸಿ ಕೂತಿರುತ್ತಿದ್ದಳು. ಒಳ್ಳೆಯ ಸೀರೆ ಉಟ್ಟು, ಬುತ್ತಿ ಹಿಡಿದು ಅವಳು ಕಾರಿನ ಪಕ್ಕ ನಿಂತಿದ್ದ ಆ ಬೆಳಗು ಅವನಿಗೆ ನೆನಪಾಗುತ್ತಿತ್ತು. ಆವತ್ತು ಎರಡೂ ಇದ್ದವು, ಹೊಳೆಯೂ ಅವಳ ಕಣ್ಣೂ. ಅವನ ಮಾತು ಅಲ್ಲಿಗೆ ನಿಲ್ಲುತ್ತಿತ್ತು.

"ಆಮೇಲೆ?" ಎಂದು ಅವಳು ಕೇಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

"ಅಜ್ಜನವರೇ, ಆ ಗಾಜು ಮತ್ತೆ ಸಿಕ್ಕಿತೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು.

"ಇಳಕಲ್ಲಿಗೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗಿದೆ, ತಮ್ಮಾ?"