ಮ್ಯಾನೇಜರ್ ಉಣ್ಣುವ ಊಟ

ದಾವಣಗೆರೆಯ ಟೈಲರ್ ದಾಕ್ಷಾಯಿಣಿಗೆ ಗೋಧಿ ಆಗುವುದಿಲ್ಲ. ಒಂದು ತುತ್ತು ಚಪಾತಿ ತಿಂದರೂ ಹೊಟ್ಟೆ ಹಿಡಿದುಕೊಂಡು ಮಲಗಬೇಕು. ಅಕ್ಕನ ಮನೆಯವರ ಜೊತೆ ಮಡಿಕೇರಿಯ ದೊಡ್ಡ ರೆಸಾರ್ಟಿಗೆ ಬಂದವಳು, ಪಾಪ, ಅಲ್ಲಿ ಬಡಿಸಿದ್ದೆಲ್ಲ ಪಾಸ್ತಾ, ಬ್ರೆಡ್ಡೇ ಆದ್ದರಿಂದ ಮೊದಲ ದಿನ ಬರೀ ಬಾಳೆಹಣ್ಣಿನಲ್ಲೇ ಕಳೆದಳು.

ಮರುದಿನ ಊಟದ ಹೊತ್ತಿಗೆ ಮ್ಯಾನೇಜರ್ ಮಂದಣ್ಣನವರನ್ನು ಕೇಳಿದಳು. "ಸರ್, ಗೋಧಿ, ಮೈದಾ, ರವೆ ಇಲ್ಲದ್ದು ಏನಾದರೂ ಮಾಡಿಸಿಕೊಡ್ತೀರಾ?"

ಮಂದಣ್ಣ ಎಲ್ಲರಿಗೂ ಕೇಳುವಂತೆ ಹೇಳಿದರು. "ಮೇಡಂ, ನಮ್ಮ ಪಾಸ್ತಾ ತಿನ್ನೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರೆ. ನಿಮಗೊಬ್ಬರಿಗೋಸ್ಕರ ಮೆನು ಬದಲಾಯಿಸೋಕಾಗಲ್ಲ."

ಅಕ್ಕ ನಾಚಿ ತಲೆ ತಗ್ಗಿಸಿದಳು. ದಾಕ್ಷಾಯಿಣಿ ತಗ್ಗಿಸಲಿಲ್ಲ. ಇದೇ ಮಂದಣ್ಣ ಅಡುಗೆಮನೆಯ ಹಿಂದೆ ಕೂತು, ಮನೆಯಿಂದ ತಂದ ಡಬ್ಬಿ ಬಿಚ್ಚಿ ಉಣ್ಣುವುದನ್ನು ಅವಳು ಹಿಂದಿನ ದಿನ ನೋಡಿದ್ದಳು.

"ಮೆನು ಹಾಗೇ ಇರಲಿ ಸರ್," ಎಂದಳು ನಯವಾಗಿ. "ನೀವು ದಿನಾ ಏನು ಉಣ್ತೀರೋ ಅದನ್ನೇ ನನಗೂ ಕೊಡಿ. ಅದಕ್ಕಿಂತ ಒಳ್ಳೇದು ಇಲ್ಲಿ ಇನ್ನೇನಿರುತ್ತೆ?"

"ಹೌದಲ್ಲ! ನಮಗೂ ಅದೇ ಕೊಡಿ," ಎಂದರು ಪಕ್ಕದ ಟೇಬಲಿನವರು.

ಮಂದಣ್ಣನ ಮುಖ ಕೆಂಪಾಯಿತು. ಬಗ್ಗಿ ಪಿಸುಗುಟ್ಟಿದರು. "ಅಮ್ಮಾ, ಆ ಪಾಸ್ತಾ ನನಗೆ ಅರಗಲ್ಲ. ಹೆಂಡತಿ ಕಡಂಬುಟ್ಟು ಕಟ್ಟಿಕೊಡ್ತಾಳೆ. ಬರೀ ಅಕ್ಕಿತರಿಯ ಉಂಡೆ, ಜೊತೆಗೆ ಕುಂಬಳಕಾಯಿ ಸಾರು."

"ನನಗೂ ಅರಗೋದು ಅಂಥದ್ದೇ ಸರ್," ಎಂದಳು ದಾಕ್ಷಾಯಿಣಿ, ಅಷ್ಟೇ ಮೆಲ್ಲಗೆ.

ಮಂದಣ್ಣ ನಕ್ಕೇಬಿಟ್ಟರು. ಡಬ್ಬಿ ತಂದು ತಮ್ಮ ಕೈಯಾರೆ ಬಡಿಸಿದರು. ಅವಳು ಹೊಟ್ಟೆ ತುಂಬಾ ಉಂಡಳು.

ಮಾರನೆಯ ದಿನ ರೆಸಾರ್ಟಿನ ಅಡುಗೆಮನೆಯಲ್ಲೇ ಕಡಂಬುಟ್ಟು ಬೆಂದಿತು. ಊಟದ ಹಾಲ್‌ನಲ್ಲಿ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ನಿಂತವರು ಮ್ಯಾನೇಜರೇ.